ರಜೆಯ ದಿನ ಕಾವಲು ಯಾರದು?

ಕೊಪ್ಪಳ ಜಿಲ್ಲೆಯ ತಳಕಲ್ ದೊಡ್ಡ ಊರೇನೂ ಅಲ್ಲ. ಆದರೆ ಗದಗಿನಿಂದ ಹೊಸಪೇಟೆಯ ಕಡೆಗೆ ಹೋಗುವ ರೈಲುಮಾರ್ಗದಿಂದ ವಾಡಿಯ ಹೊಸ ಮಾರ್ಗವು ಕವಲೊಡೆಯುವುದು ಇಲ್ಲಿಯೇ. 2025ನೆಯ ಇಸವಿಯ ಮೇ ತಿಂಗಳಿನಲ್ಲಿ ಈ ಹೊಸ ಮಾರ್ಗದ ಮೇಲೆ ಕುಷ್ಟಗಿಯವರೆಗೆ ಗಾಡಿ ಓಡತೊಡಗಿತು. ದೀಪಾವಳಿಯ ದಿನ ಊರಿಗೆ ಊರೇ ಹಬ್ಬದಲ್ಲಿ ಮುಳುಗಿದ್ದರೂ ರೈಲಿಗೆ ಹಬ್ಬವಿಲ್ಲ. ಗಾಡಿಗಳು ಓಡುವಷ್ಟು ಹೊತ್ತೂ ಸ್ಟೇಷನ್ನಿನಲ್ಲಿ ಹೊಣೆಗಾರರೊಬ್ಬರು ಇರಲೇಬೇಕು. ಸ್ಟೇಷನ್ ಮಾಸ್ತರರು ಮನೆಗೆ ಹೋಗಬೇಕಾದರೆ ಮುಂದಿನ ಪಾಳಿಯವರು ಬಂದು, ಯಾವ ಗಾಡಿ ಎಲ್ಲಿದೆ, ಯಾವ ಹಳಿ ತೆರವಾಗಿದೆ ಎಂಬುದನ್ನು ತಿಳಿದುಕೊಂಡು, ಪುಸ್ತಕದಲ್ಲಿ ರುಜು ಮಾಡಿ ಕೆಲಸವನ್ನು ವಹಿಸಿಕೊಳ್ಳಬೇಕು. "ಇಂದು ಹಬ್ಬ; ಸಿಗ್ನಲ್ಲನ್ನು ನೋಡಿಕೊಳ್ಳುವವರು ಯಾರೂ ಇಲ್ಲ" ಎಂದರೆ ಏನಾದೀತೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಅದೇ ದಿನ ಸುತ್ತಲಿನ ಪೇಟೆಗಳನ್ನು ನೋಡೋಣ. ಗಂಗಾವತಿಯ ಅಕ್ಕಿಯ ಗಿರಣಿಯ ಕಚೇರಿಗೆ ಬೀಗ. ಕುಷ್ಟಗಿಯ ದಲಾಲಿ ಅಂಗಡಿಗೆ ಬೀಗ. ಯಲಬುರ್ಗಾದ ಪತ್ತಿನ ಸಹಕಾರ ಸಂಘಕ್ಕೂ ಬೀಗ. ಗುಮಾಸ್ತರು ಊರಿಗೆ ಹೋಗಿದ್ದಾರೆ. ಆದರೆ ಒಳಗಿನ ಗಣಕಯಂತ್ರವು ಅನೇಕ ಕಡೆಗಳಲ್ಲಿ ಎಚ್ಚರವಾಗಿಯೇ ಇರುತ್ತದೆ. ಅದಕ್ಕೆ ಜೋಡಿಸಿದ ಇಂಟರ್ನೆಟ್ಟಿನ ತಂತಿಯೂ ಎಚ್ಚರವಾಗಿರುತ್ತದೆ. ಬೀಗವು ಬಾಗಿಲನ್ನು ಕಾಯುವುದೇ ಹೊರತು ತಂತಿಯನ್ನು ಕಾಯದು. ಗಾಡಿ ಓಡುತ್ತಿದೆ, ಮಾಸ್ತರರಿಲ್ಲ. ನಮ್ಮ ಚಿಕ್ಕ ವ್ಯಾಪಾರಗಳ ಹಾಗೂ ಸಂಘಸಂಸ್ಥೆಗಳ ರಜೆಯ ದಿನದ ಸ್ಥಿತಿ ಇದೇ ಎಂಬುದು ನನ್ನ ಅಭಿಪ್ರಾಯ.

ಹಿಂದೆ ಹೀಗಿರಲಿಲ್ಲ. ಬ್ಯಾಂಕು ಮುಚ್ಚಿತೆಂದರೆ ಹಣದ ಸಂಚಾರವೂ ನಿಲ್ಲುತ್ತಿತ್ತು. ಕಳ್ಳನು ಸುಳ್ಳು ಕಾಗದವನ್ನು ಸೃಷ್ಟಿಸಿದರೂ ಅದನ್ನು ಹಣವಾಗಿ ಮಾಡಿಕೊಳ್ಳಲು ಸೋಮವಾರದವರೆಗೆ ಕಾಯಬೇಕಾಗಿತ್ತು. ಎಂದರೆ ರಜೆಯೇ ಒಂದು ಬೀಗವಾಗಿತ್ತು. ಈ ಬೀಗವನ್ನು ನಾವು ನಮ್ಮ ಅನುಕೂಲಕ್ಕಾಗಿಯೇ ತೆಗೆದುಬಿಟ್ಟೆವು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಸಾಗಿಸುವ ಎನ್‌ಇಎಫ್‌ಟಿ ವ್ಯವಸ್ಥೆಯು 2019ನೆಯ ಡಿಸೆಂಬರ್ 16ರಿಂದ, ದೊಡ್ಡ ಮೊತ್ತಗಳನ್ನು ಸಾಗಿಸುವ ಆರ್‌ಟಿಜಿಎಸ್ ವ್ಯವಸ್ಥೆಯು 2020ನೆಯ ಡಿಸೆಂಬರ್ 14ರಿಂದ, ವರ್ಷದ ಎಲ್ಲ ದಿನಗಳಲ್ಲಿಯೂ ಹಗಲಿರುಳು ನಡೆಯುತ್ತಿವೆ. ಇದರ ಉಪಕಾರ ಬಹಳ ದೊಡ್ಡದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಹಣಕ್ಕೆ ರಜೆಯನ್ನು ರದ್ದು ಮಾಡಿದ ನಾವು ಹಣವನ್ನು ಕಾಯುವವನ ರಜೆಯ ವಿಷಯವಾಗಿ ಏನೂ ಆಲೋಚಿಸಲಿಲ್ಲ. 2015ನೆಯ ಸೆಪ್ಟೆಂಬರ್ 1ರಿಂದ ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆಯಾಗಿವೆ. ಹೀಗೆ ಎರಡು ದಿನಗಳ ನಿರ್ಜನ ಕಾಲವು ತಿಂಗಳಿಗೆ ಎರಡು ಸಲವಾದರೂ ತಪ್ಪದೆ ಬರುತ್ತದೆ.

ಇದು ಬರಿಯ ಊಹೆಯ ಮಾತಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಳಕಲ್ಲಿನಿಂದ ಇದೇ ರೈಲುಮಾರ್ಗದಲ್ಲಿ ಪೂರ್ವಕ್ಕೆ ಹೋದರೆ ಕೊಪ್ಪಳವನ್ನು ದಾಟಿ ಹೊಸಪೇಟೆ ಸಿಕ್ಕುತ್ತದೆ. ಅಲ್ಲಿ ಪ್ರಧಾನ ಕಚೇರಿಯುಳ್ಳ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಹಣದಲ್ಲಿ 2.34 ಕೋಟಿ ರೂಪಾಯಿಗಳು 2025ನೆಯ ಜನವರಿಯಲ್ಲಿ ಕಳುವಾದುವು. ಬಾಗಿಲು ಮುರಿಯಲಿಲ್ಲ; ತಿಜೋರಿಯನ್ನು ಒಡೆಯಲಿಲ್ಲ. ಬ್ಯಾಂಕು ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ಹಣ ಕಳುಹಿಸುವ ಆದೇಶಗಳನ್ನು ಒಳಗೊಂಡ ಗಣಕ ಕಡತಗಳಲ್ಲಿ ಪಡೆಯುವವರ ಹೆಸರುಗಳು ಇದ್ದಂತೆಯೇ ಇದ್ದುವು. ಆದರೆ ಖಾತೆಯ ಸಂಖ್ಯೆಯೂ ಶಾಖೆಯ ಸಂಕೇತವೂ ಬದಲಾಗಿದ್ದುವು. ಹಣವು ಉತ್ತರದ ರಾಜ್ಯಗಳ 25 ಖಾತೆಗಳಿಗೆ ಹೋಗಿ ಸೇರಿತು.

ಈಗ ಪಂಚಾಂಗವನ್ನು ತೆರೆದು ನೋಡಿ. ಹಣವು ಸೇರಬೇಕಾದಲ್ಲಿಗೆ ಸೇರದೆ ಹೋದದ್ದು ಜನವರಿ 10ರ ವ್ಯವಹಾರಗಳಲ್ಲಿ. ಅಂದು ಶುಕ್ರವಾರ. 11ನೆಯ ತಾರೀಖು ತಿಂಗಳ ಎರಡನೆಯ ಶನಿವಾರ. 12 ಭಾನುವಾರ. "ನಮಗೆ ಹಣ ಬಂದಿಲ್ಲ" ಎಂದು ಹಲವು ಶಾಖೆಗಳಿಂದ ದೂರುಗಳು ಬಂದು, ಬ್ಯಾಂಕು ಆ ಸೇವೆಯನ್ನೇ ನಿಲ್ಲಿಸಿದ್ದು ಸೋಮವಾರ, 13ರಂದು. ಮರುದಿನವೇ ಸಂಕ್ರಾಂತಿ. ಕಳ್ಳರು ಈ ದಿನಗಳನ್ನು ಬೇಕೆಂದೇ ಆರಿಸಿಕೊಂಡರೆಂದು ನಾನು ಹೇಳುವುದಿಲ್ಲ. ಆದರೆ ಕಳ್ಳತನಕ್ಕೂ ಅದು ತಿಳಿಯುವುದಕ್ಕೂ ನಡುವೆ ಎರಡು ರಜಾದಿನಗಳು ಬಿದ್ದುವೆಂಬುದು ಸ್ಪಷ್ಟ. ಕದ್ದ ಹಣವು ಕೈಯಿಂದ ಕೈಗೆ ದಾಟಲು ಎರಡು ದಿನಗಳು ಬೇಕಾಗಿಲ್ಲ. ಎರಡು ಗಂಟೆಗಳೇ ಸಾಕು.

ಹೆಸರು ಒಂದು, ಖಾತೆ ಇನ್ನೊಂದು ಆಗಿದ್ದರೂ ಹಣ ಹೇಗೆ ಹೋಯಿತೆಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ಯಂತ್ರವು ಹಣ ಜಮಾ ಮಾಡುವಾಗ ನೋಡುವುದು ಸಂಖ್ಯೆಯನ್ನು, ಹೆಸರನ್ನಲ್ಲ. ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ನೋಡಿಕೊಳ್ಳುವ ಸೌಲಭ್ಯವನ್ನು 2025ನೆಯ ಏಪ್ರಿಲ್ 1ರ ಒಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಇದು ಒಳ್ಳೆಯದೇ. ಆದರೆ ನೋಡಿ ಒಪ್ಪಿದ ತರುವಾಯ ಕಡತವನ್ನೇ ಯಾರಾದರೂ ತಿದ್ದಿದರೆ, ಮೊದಲು ನೋಡಿದ್ದು ವ್ಯರ್ಥವಾಗುತ್ತದೆ.

ತಿದ್ದಿದ್ದನ್ನು ಕಂಡುಹಿಡಿಯಲು ಗಣಿತದಲ್ಲಿ ಸೊಗಸಾದ ಉಪಾಯವುಂಟು. 4712 ಎಂಬ ಸಂಖ್ಯೆಯ ಅಂಕಿಗಳನ್ನು ಕೂಡಿಸಿದರೆ 14. ಯಾರಾದರೂ ಅದನ್ನು 4713 ಎಂದು ತಿದ್ದಿದರೆ ಮೊತ್ತವು 15 ಆಗಿ ಮೋಸವು ಬಯಲಾಗುತ್ತದೆ. ಆದರೆ 4721 ಎಂದು ತಿದ್ದಿದರೆ ಮೊತ್ತ ಮತ್ತೆ 14, ಮೋಸ ತಿಳಿಯದು. ಆದುದರಿಂದ ಮೊದಲನೆಯ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಸ್ಥಾನಕ್ಕೆ ತಕ್ಕಂತೆ ಗುಣಿಸಿ ಕೂಡಿಸೋಣ. ಆಗ 4712ಕ್ಕೆ 29, 4721ಕ್ಕೆ 28 ಬರುತ್ತದೆ. ಈ ಚಿಕ್ಕ ಉಪಾಯದ ಬಹು ದೊಡ್ಡ ರೂಪವೇ ಇಂದು ಎಸ್‌ಎಚ್‌ಎ-256 ಎಂಬ ಹೆಸರಿನಿಂದ ಬಳಕೆಯಲ್ಲಿರುವ ವಿಧಾನ. ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ ಅದು 64 ಅಕ್ಷರಾಂಕಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದ ಒಂದೇ ಅಂಕಿಯನ್ನು ಬದಲಾಯಿಸಿದರೂ ಮುದ್ರೆಯು ಗುರುತು ಸಿಗದಷ್ಟು ಬದಲಾಗುತ್ತದೆ. ಕಡತವನ್ನು ತಿದ್ದಿದ ಕಳ್ಳನು ಹೊಸ ಮುದ್ರೆಯನ್ನೂ ಒತ್ತಿಬಿಡಬಹುದಲ್ಲವೆ? ಹೌದು. ಅದಕ್ಕಾಗಿಯೇ ಮುದ್ರೆಯನ್ನು ಅಧಿಕಾರಿಯ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಭದ್ರಪಡಿಸುತ್ತಾರೆ. ಡಿಜಿಟಲ್ ಸಹಿ ಎಂದರೆ ಇದೇ.

ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಮುದ್ರೆಯು ಒಡೆದಿದೆ ಎಂದು ಯಂತ್ರವು ಕೂಗಿ ಹೇಳಬಹುದು. ಕೂಗನ್ನು ಕೇಳಲು ಮನುಷ್ಯನೊಬ್ಬನು ಇರಬೇಕು. ಕೇಳಿದವನಿಗೆ ವ್ಯವಹಾರವನ್ನು ನಿಲ್ಲಿಸುವ ಅಧಿಕಾರವೂ ಇರಬೇಕು. ರಜೆಯಲ್ಲಿ ಇಲ್ಲದಿರುವುದು ಇವೆರಡೇ.

ಈ ಕೊರತೆಯನ್ನು ಜಗತ್ತಿನ ದೊಡ್ಡ ಕಳ್ಳರು ಚೆನ್ನಾಗಿ ಬಲ್ಲರು. 2016ನೆಯ ಫೆಬ್ರವರಿ 4, ಗುರುವಾರದ ರಾತ್ರಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಗಳೊಳಗಿಂದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಸುಳ್ಳು ಆದೇಶಗಳು ಹೋದುವು. ಕೇಳಿದ ಮೊತ್ತ ಸುಮಾರು 95 ಕೋಟಿ ಡಾಲರು. ಢಾಕಾದಲ್ಲಿ ಶುಕ್ರವಾರ, ಶನಿವಾರಗಳು ವಾರದ ರಜೆ. ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಭಾನುವಾರ. ಮುಂದಿನ ಸೋಮವಾರ, 8ನೆಯ ತಾರೀಖು, ಚೀನೀಯರ ಹೊಸವರ್ಷದ ನಿಮಿತ್ತ ಫಿಲಿಪೈನ್ಸಿನಲ್ಲಿ ರಜೆ. ಆದೇಶಗಳ ಪ್ರತಿಯನ್ನು ಅಚ್ಚು ಮಾಡುವ ಪ್ರಿಂಟರನ್ನೂ ಕಳ್ಳರು ನಿಲ್ಲಿಸಿದ್ದರು. "ಯಂತ್ರ ಕೆಟ್ಟಿದೆ" ಎಂದೇ ಗುಮಾಸ್ತರು ಭಾವಿಸಿದರು. ಹೆಚ್ಚಿನ ಆದೇಶಗಳು ತಡೆಯಲ್ಪಟ್ಟರೂ 8 ಕೋಟಿ 10 ಲಕ್ಷ ಡಾಲರುಗಳು ಫಿಲಿಪೈನ್ಸನ್ನು ಸೇರಿದುವು. ಮೂರು ದೇಶಗಳ ಮೂರು ಬಗೆಯ ರಜೆಗಳನ್ನು ಸರಪಳಿಯಂತೆ ಜೋಡಿಸಿ ಮಾಡಿದ ಕಳವು ಇದು.

ನಮ್ಮ ದೇಶದಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಮೇಲಿನ ದಾಳಿ ಆರಂಭವಾದದ್ದು 2018ನೆಯ ಆಗಸ್ಟ್ 11ರಂದು. ಅದೂ ತಿಂಗಳ ಎರಡನೆಯ ಶನಿವಾರವೇ. ಎಟಿಎಂ ಯಂತ್ರಗಳ ಕೋರಿಕೆಗಳಿಗೆ ಉತ್ತರ ಕೊಡುವ ಗಣಕ ವ್ಯವಸ್ಥೆಗೆ ಬದಲಾಗಿ ಕಳ್ಳರು ತಮ್ಮದೇ ಒಂದು ಸುಳ್ಳು ವ್ಯವಸ್ಥೆಯನ್ನು ನಿಲ್ಲಿಸಿದರು. ಅದು ಕೇಳಿದವರಿಗೆಲ್ಲ "ಕೊಡು" ಎಂದೇ ಹೇಳುತ್ತಿತ್ತು. ಒಂದೇ ದಿನದಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 12,000 ಸಲ ಹಣ ತೆಗೆಯಲಾಯಿತು. ಸೋಮವಾರ 13ರಂದು ಇನ್ನೂ 13.92 ಕೋಟಿ ರೂಪಾಯಿಗಳು ಹಾಂಗ್‌ಕಾಂಗಿನ ಖಾತೆಗೆ ಹೋದುವು. ಒಟ್ಟು ನಷ್ಟ 94 ಕೋಟಿ ರೂಪಾಯಿಗಳಿಗೂ ಹೆಚ್ಚು.

ಹಣವನ್ನು ಸಾಗಿಸುವುದಲ್ಲದೆ, ಲೆಕ್ಕಪತ್ರಗಳನ್ನೇ ಒತ್ತೆಯಿಟ್ಟುಕೊಂಡು ಸುಲಿಗೆ ಮಾಡುವ ಮತ್ತೊಂದು ಬಗೆಯೂ ಉಂಟು. ಇದಕ್ಕೆ ಬಳಸುವ ತಂತ್ರಾಂಶಕ್ಕೆ ರಾನ್ಸಮ್‌ವೇರ್ ಎಂದು ಹೆಸರು. ಇದು ಯಾವುದೋ ಇ-ಮೇಲಿನ ಬೆನ್ನು ಹತ್ತಿಯೋ, ತಿದ್ದದೆ ಬಿಟ್ಟ ತಂತ್ರಾಂಶದ ಬಿರುಕಿನಿಂದಲೋ ಒಳಗೆ ಬರುತ್ತದೆ. ಬಂದ ಕೂಡಲೇ ತೊಂದರೆ ಕೊಡದೆ ಅಡಗಿ ಕುಳಿತು, ಯಾವ ಕಡತ ಎಲ್ಲಿದೆ, ನಕಲು ಪ್ರತಿಗಳು ಎಲ್ಲಿವೆ ಎಂದು ಹುಡುಕುವುದೂ ಉಂಟು. ಕೊನೆಗೆ ಎಲ್ಲ ಕಡತಗಳನ್ನೂ ಗೂಢಲಿಪಿಗೆ ತಿರುಗಿಸುತ್ತದೆ. ಮುಚ್ಚುವುದಕ್ಕೆ ಒಂದು ಕೀಲಿ, ತೆರೆಯುವುದಕ್ಕೆ ಇನ್ನೊಂದು. ತೆರೆಯುವ ಕೀಲಿಯು ಕಳ್ಳನ ಬಳಿಯಲ್ಲಿಯೇ ಇರುತ್ತದೆ. ಲಕ್ಷಾಂತರ ಕಡತಗಳನ್ನು ಹೀಗೆ ಮುಚ್ಚಲು ಯಂತ್ರಕ್ಕೂ ಹೊತ್ತು ಹಿಡಿಯುತ್ತದೆ. ಕೆಲಸದ ದಿನವಾಗಿದ್ದರೆ "ಈ ಕಡತ ತೆರೆಯುತ್ತಿಲ್ಲ" ಎಂದು ಯಾರಾದರೂ ಕೂಗುತ್ತಾರೆ. ತಂತಿ ಕಿತ್ತರೆ ಉಳಿದವು ಉಳಿಯುತ್ತವೆ. ರಜೆಯಲ್ಲಿ ಕೂಗುವವರಿಲ್ಲ. ಬೆಂಕಿಯು ಹಗಲು ಹೊತ್ತಿದರೂ ಬೆಂಕಿಯೇ, ರಾತ್ರಿ ಹೊತ್ತಿದರೂ ಬೆಂಕಿಯೇ. ನಷ್ಟವನ್ನು ನಿರ್ಣಯಿಸುವುದು ನೋಡುವವನು ಎಷ್ಟು ಬೇಗ ನೋಡಿದನೆಂಬುದು.

2021ನೆಯ ಜುಲೈ 2ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ರಜೆಗೆ ಜನರು ಹೊರಡುತ್ತಿದ್ದ ಶುಕ್ರವಾರ, ಕಸೇಯಾ ಎಂಬ ಸಂಸ್ಥೆಯ ತಂತ್ರಾಂಶದ ಮೂಲಕ ಇಂಥ ದಾಳಿ ನಡೆಯಿತು. ಆ ಸಂಸ್ಥೆಯ ಅಂದಾಜಿನಂತೆ 800ರಿಂದ 1,500 ವ್ಯಾಪಾರ ಸಂಸ್ಥೆಗಳು ಅದಕ್ಕೆ ತುತ್ತಾದುವು. ಸ್ವೀಡನ್ನಿನ ಕೂಪ್ ಎಂಬ ಸಹಕಾರಿ ಸಂಸ್ಥೆಯು ನೂರಾರು ದಿನಸಿ ಅಂಗಡಿಗಳನ್ನು ಮುಚ್ಚಬೇಕಾಯಿತು. ಅದೇ ವರ್ಷ ಆಗಸ್ಟ್ 31ರಂದು ಅಮೆರಿಕದ ಎಫ್‌ಬಿಐ ಮತ್ತು ಸೈಬರ್ ಭದ್ರತಾ ಸಂಸ್ಥೆಗಳು, ರಜೆಗಳಲ್ಲಿಯೂ ವಾರಾಂತ್ಯಗಳಲ್ಲಿಯೂ ಇಂಥ ದಾಳಿಗಳು ಹೆಚ್ಚಾಗಿರುವುದನ್ನು ತಿಳಿಸಿ ವ್ಯಾಪಾರಿಗಳಿಗೆ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿದುವು.

ಇಷ್ಟನ್ನು ಕೇಳಿದ ಮೇಲೂ ನಮ್ಮ ವ್ಯಾಪಾರಿಗಳು ಎರಡು ಆಕ್ಷೇಪಗಳನ್ನು ಎತ್ತಬಹುದು. "ನಾವು ಚಿಕ್ಕವರು, ನಮ್ಮನ್ನು ಹುಡುಕಿಕೊಂಡು ಯಾರು ಬಂದಾರು?" ಎಂಬುದು ಮೊದಲನೆಯದು. ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ. ಇಂಟರ್ನೆಟ್ಟಿಗೆ ಸೇರಿದ ಯಂತ್ರಗಳನ್ನು ಒಂದಾದ ಮೇಲೊಂದರಂತೆ ತಟ್ಟಿ ನೋಡುವ ಕೆಲಸವನ್ನು ಕಳ್ಳರ ತಂತ್ರಾಂಶಗಳು ತಾವಾಗಿಯೇ ಮಾಡುತ್ತವೆ. ಅದಕ್ಕೆ ತೆರೆದ ಬಾಗಿಲು ಕಾಣುತ್ತದೆ, ಬಾಗಿಲ ಮೇಲಿನ ಫಲಕ ಕಾಣುವುದಿಲ್ಲ. ಕಸೇಯಾ ಪ್ರಸಂಗದಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಮಂದಿ ತಮ್ಮ ಗಣಕಗಳ ಮೇಲ್ವಿಚಾರಣೆಯನ್ನು ಬೇರೆಯವರಿಗೆ ವಹಿಸಿದ್ದ ಚಿಕ್ಕ ವ್ಯಾಪಾರಿಗಳೇ. ದೊಡ್ಡ ಬ್ಯಾಂಕು ಏಟು ತಿಂದು ಎದ್ದು ನಿಲ್ಲಬಹುದು. ರೈತರ ಠೇವಣಿಯಿಂದ ನಡೆಯುವ ಹೋಬಳಿಯ ಸಂಘವೊಂದು ಹಾಗೆ ಏಳಲಾರದು.

"ಯಂತ್ರವನ್ನು ಆರಿಸಿ ಹೋದರೆ ತೀರಿತಲ್ಲವೆ?" ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ರಜೆಯಲ್ಲಿ ಬೇಡವಾದ ಯಂತ್ರಗಳನ್ನು ಆರಿಸುವುದು ಖಂಡಿತವಾಗಿಯೂ ಒಳ್ಳೆಯದು. ಆದರೆ ನಿಮ್ಮ ಬ್ಯಾಂಕ್ ಖಾತೆಯಿರುವುದು ನಿಮ್ಮ ಯಂತ್ರದಲ್ಲಲ್ಲ, ಬ್ಯಾಂಕಿನ ಯಂತ್ರದಲ್ಲಿ. ಪಾಸ್‌ವರ್ಡನ್ನು ಕದ್ದವನು ನಿಮ್ಮ ಕಚೇರಿಗೆ ಬರುವುದೇ ಇಲ್ಲ. ನಿಮ್ಮ ಯಂತ್ರ ಆರಿದ್ದರೂ ಅವನ ಯಂತ್ರ ಉರಿಯುತ್ತಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬೆಲೆಬಾಳುವ ಉಪಕರಣಗಳ ಮಾತನ್ನು ನಾನು ಮೊದಲು ಎತ್ತುವುದಿಲ್ಲ. ಪ್ರತಿಯೊಂದು ರಜೆಯ ಮುಂದೆಯೂ ಒಬ್ಬ ವ್ಯಕ್ತಿಯ ಹೆಸರನ್ನು ಬರೆಯಬೇಕು. ನನ್ನ ವಾದದ ತಿರುಳು ಇಷ್ಟೇ. ಎರಡನೆಯ ಶನಿವಾರಕ್ಕೆ ಇಂಥವರು, ಭಾನುವಾರಕ್ಕೆ ಇಂಥವರು, ಬಲಿಪಾಡ್ಯಮಿಗೆ ಇಂಥವರು ಎಂದು ಕಚೇರಿಯ ಗೋಡೆಯ ಮೇಲೆ ಪಟ್ಟಿಯಿರಬೇಕು. ಹೆಸರು ಬರೆಯಿಸಿಕೊಂಡವರು ಕಚೇರಿಯಲ್ಲಿ ಕುಳಿತಿರಬೇಕೆಂದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಖಾತೆಯ ವ್ಯವಹಾರಗಳನ್ನು ನೋಡಿ, ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಓದಿದರೆ ಸಾಕು. ಅನುಮಾನ ಬಂದರೆ ಅಧ್ಯಕ್ಷರ ಅಪ್ಪಣೆಗಾಗಿ ಕಾಯದೆ ವ್ಯವಹಾರವನ್ನು ನಿಲ್ಲಿಸುವ ಅಧಿಕಾರವನ್ನು ಅವರಿಗೆ ಬರಹದಲ್ಲಿ ಕೊಟ್ಟಿರಬೇಕು. ಸುಳ್ಳು ಅನುಮಾನದಿಂದ ನಿಲ್ಲಿಸಿದರೂ ಅವರನ್ನು ಬಯ್ಯಕೂಡದು.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ಈ ಹೊಣೆಯನ್ನು ಎಲ್ಲರಿಗಿಂತ ಕಡಿಮೆ ಸಂಬಳದ ಗುಮಾಸ್ತನ ಹೆಗಲ ಮೇಲೆ ಬಾಯಿಮಾತಿನಲ್ಲಿ ಹೊರಿಸಿ, ಕಳುವಾದ ಮೇಲೆ ಅವನನ್ನೇ ಅಪರಾಧಿಯೆಂದು ನಿಲ್ಲಿಸುವುದು ಆಡಳಿತ ಮಂಡಳಿಗಳಿಗೆ ಸುಲಭವಾದ ದಾರಿ. ಹಬ್ಬದ ದಿನ ಕಾವಲಿದ್ದವನಿಗೆ ಬದಲಿ ರಜೆಯೂ ಭತ್ಯೆಯೂ ಸಲ್ಲಬೇಕು. ಪಾಳಿಯಲ್ಲಿ ಕಾರ್ಯದರ್ಶಿಯ ಹೆಸರೂ ನಿರ್ದೇಶಕರ ಹೆಸರೂ ಇರಬೇಕು. ಒಂದೊಂದು ಸಂಘಕ್ಕೆ ಇದು ಭಾರವಾದರೆ ತಾಲೂಕಿನ ಹತ್ತು ಸಂಘಗಳು ಕೂಡಿ, ತರಬೇತಿ ಪಡೆದ ಒಬ್ಬರನ್ನು ನೇಮಿಸಿಕೊಳ್ಳಬಹುದು. ಊರಿಗೆಲ್ಲ ಸೇರಿ ಒಬ್ಬ ತಳವಾರನನ್ನು ಇಟ್ಟುಕೊಂಡಿದ್ದ ನಾಡಿಗೆ ಈ ಏರ್ಪಾಡು ಹೊಸದಲ್ಲ.

ರಜೆಗೆ ಮುಂಚೆ ಮಾಡಬೇಕಾದ ಕೆಲಸಗಳೂ ಕೆಲವು ಉಂಟು. ಬಂದಿರುವ ತಂತ್ರಾಂಶದ ತಿದ್ದುಪಡಿಗಳನ್ನು ಹಾಕಿಕೊಳ್ಳಬೇಕು. 2017ನೆಯ ಮೇ 12ರಂದು, ಅದೂ ಶುಕ್ರವಾರವೇ, 150 ದೇಶಗಳನ್ನು ಕಾಡಿದ ವಾನಾಕ್ರೈ ಬಳಸಿಕೊಂಡ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ ತೇಪೆಯನ್ನು ಕೊಟ್ಟಿತ್ತು. ಔಷಧವು ಮನೆಯಲ್ಲಿದ್ದೂ ಕುಡಿಯದವರು ಅಂದು ನರಳಿದರು. ದೂರದಿಂದ ಯಂತ್ರವನ್ನು ನಡೆಸುವ ಸೌಲಭ್ಯವು ರಜೆಯಲ್ಲಿ ಬೇಡವಾಗಿದ್ದರೆ ಅದನ್ನು ಮುಚ್ಚಬೇಕು. ಕೆಲಸ ಬಿಟ್ಟುಹೋದವರ ಪಾಸ್‌ವರ್ಡುಗಳನ್ನು ತೆಗೆದುಹಾಕಬೇಕು. ಒಂದು ದಿನದಲ್ಲಿ ಇಷ್ಟಕ್ಕಿಂತ ಹೆಚ್ಚು ಹಣ ಹೋಗಕೂಡದೆಂಬ ಮಿತಿಯನ್ನು ಬ್ಯಾಂಕಿಗೆ ಹೇಳಿ ಇಳಿಸಿಡಬೇಕು. ಆದೇಶವನ್ನು ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಆಗಿರಬೇಕು. ಒಬ್ಬರೇ ಎರಡು ಪಾಸ್‌ವರ್ಡುಗಳನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ ಪದ್ಧತಿ ನಿಲ್ಲಬೇಕು. ಲೆಕ್ಕದ ಒಂದು ನಕಲನ್ನು ಯಂತ್ರದಿಂದ ಬಿಡಿಸಿ ಬೇರೆ ಕಡೆ ಇಡಬೇಕು. ಯಂತ್ರಕ್ಕೆ ಅಂಟಿಕೊಂಡೇ ಇರುವ ನಕಲು ಯಂತ್ರದೊಂದಿಗೇ ಮುಳುಗುತ್ತದೆ.

ಆಯುಧಪೂಜೆಯ ದಿನ ನಮ್ಮ ಕಚೇರಿಗಳಲ್ಲಿ ಗಣಕಯಂತ್ರಕ್ಕೂ ಕುಂಕುಮವಿಟ್ಟು ಹೂವು ಮುಡಿಸುತ್ತಾರೆ. ಪೂಜೆಗೆ ಮುಂಚೆ ಆಯುಧಗಳನ್ನು ಹೊರತೆಗೆದು, ತುಕ್ಕು ಉಜ್ಜಿ, ಹರಿತ ನೋಡಿ, ಎಣಿಸಿ ಇಡುವುದು ಆ ಹಬ್ಬದ ಹಿಂದಿನ ಕ್ರಮ. ಗಣಕಕ್ಕೂ ಅಂದು ಅದೇ ಸೇವೆ ಸಲ್ಲಲಿ. ನಕಲು ಪ್ರತಿಯಿಂದ ಲೆಕ್ಕವನ್ನು ಮರಳಿ ತೆಗೆಯಲು ಸಾಧ್ಯವೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಅಂದು ಪರೀಕ್ಷಿಸಲಿ. ಪರೀಕ್ಷಿಸದ ನಕಲು ಇದ್ದರೂ ಇಲ್ಲದಂತೆಯೇ.

ಇಷ್ಟಾದರೂ ಕಳವು ನಡೆಯಬಹುದು. ಆಗ ಮಾನ ಹೋದೀತೆಂದು ಮುಚ್ಚಿಡುವುದು ಎರಡನೆಯ ನಷ್ಟ. 1930 ಎಂಬ ರಾಷ್ಟ್ರೀಯ ದೂರವಾಣಿಗೆ ಕೂಡಲೇ ತಿಳಿಸಿದರೆ, ಹಣ ಇನ್ನೂ ಯಾವುದಾದರೊಂದು ಖಾತೆಯಲ್ಲಿ ನಿಂತಿದ್ದರೆ, ಅದನ್ನು ಅಲ್ಲಿಯೇ ತಡೆಯುವ ಸಂಭವವುಂಟು. ಸೈಬರ್ ಅಪರಾಧಗಳಿಗಾಗಿ ಜಿಲ್ಲೆಗಳಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆಗಳಿವೆ. ಗಣಕಗಳ ಮೇಲಿನ ದಾಳಿಗಳನ್ನು ತಿಳಿದ ಆರು ಗಂಟೆಗಳೊಳಗಾಗಿ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಗೆ ವರದಿ ಮಾಡಬೇಕೆಂದು 2022ನೆಯ ಏಪ್ರಿಲ್ 28ರ ಆದೇಶವು ವಿಧಿಸಿದೆ. ಆದರೆ ಸೋಮವಾರ ಬಾಗಿಲು ತೆರೆದ ಮೇಲೆಯೇ ಕಣ್ಣು ತೆರೆಯುವವನಿಗೆ ಈ ಸೌಲಭ್ಯಗಳಿಂದ ಆಗುವ ಪ್ರಯೋಜನ ಬಹು ಸ್ವಲ್ಪ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ತಳಕಲ್ಲಿನಲ್ಲಿ ಇಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಯೂ ಅಂಥ ಇತರ ಕಾಲೇಜುಗಳಲ್ಲಿಯೂ ಗಣಕವಿಜ್ಞಾನವನ್ನು ಕಲಿಯುವ ನಿಮ್ಮಲ್ಲಿ ಅನೇಕರು ಬೆಂಗಳೂರಿನ ಕಂಪೆನಿಗಳ ಕನಸು ಕಾಣುತ್ತಿರಬಹುದು, ಅದು ತಪ್ಪಲ್ಲ. ಆದರೆ ಹಬ್ಬಕ್ಕೆ ಮನೆಗೆ ಬಂದಾಗ, ತಂದೆಯವರ ಅಂಗಡಿಯಲ್ಲಿಯೋ ಊರಿನ ಸಂಘದಲ್ಲಿಯೋ ಒಂದು ಪ್ರಶ್ನೆಯನ್ನು ಕೇಳಿರಿ: "ನಾಳೆ ರಜೆ, ಕಾವಲು ಯಾರದು?" ಉತ್ತರವಾಗಿ ಒಂದು ಹೆಸರು ಬರಬೇಕು. "ಯಾರೂ ಇಲ್ಲ" ಎಂಬ ಉತ್ತರ ಬಂದರೆ ಅವರ ಪಾಸ್‌ವರ್ಡನ್ನು ನೀವು ಕೇಳಿ ಪಡೆಯಬೇಡಿ. ಬದಲಾಗಿ, ಕುಳಿತು ಪಾಳಿಯ ಪಟ್ಟಿಯನ್ನು ಬರೆಯಲು ನೆರವಾಗಿರಿ. ಅದಕ್ಕೆ ಬೇಕಾದುದು ಒಂದು ಹಾಳೆ ಮತ್ತು ಅರ್ಧ ಗಂಟೆಯ ಹೊತ್ತು. ಸ್ಟೇಷನ್ ಮಾಸ್ತರರು ಪುಸ್ತಕದಲ್ಲಿ ಮಾಡುವ ರುಜುವಿಗೆ ಇದಕ್ಕಿಂತ ಹೆಚ್ಚಿನ ಖರ್ಚೇನೂ ಇಲ್ಲ. ಆದರೂ ಗಾಡಿಗಳ ಸುರಕ್ಷಿತ ಸಂಚಾರಕ್ಕೆ ಅದು ಬೇಕೇಬೇಕು.